ಮೊದಲ ಗಾಡಿ ಯಾರದು?
(ಹೊರ್ತಿಯಲ್ಲಿ ಹೊಸ ಲಾರಿ ಚಾಲಕರು ಮತ್ತು ಅವರ ಮನೆಯವರ ಸಭೆಯಲ್ಲಿ ಆಡಿದ ಮಾತುಗಳು)



ಈ ಸಭೆಗೆ ಕರೆಯಲು ಓಣಿಗೆ ಬಂದಾಗ ಒಬ್ಬ ತಾಯಿ ನಮ್ಮನ್ನು ಕೇಳಿದರು, "ಸಿಸ್ಟರ್, ನಿಮಗ ಲಾರಿ ಬಗ್ಗೆ ಏನ್ ಗೊತ್ತೈತ್ರಿ?" ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಯಾರಿಗೂ ಲಾರಿ ನಡೆಸಲು ಬರುವುದಿಲ್ಲ. ಸಂಸ್ಥೆಯ ಹಳೆಯ ಜೀಪು ಏರು ಹತ್ತುವಾಗಲೇ ನಾವು ಗಟ್ಟಿಯಾಗಿ ಹಿಡಿದು ಕೂರುವವರು. ಆದರೆ ಲಾರಿ ಚಾಲಕರ ಮನೆಗಳು ನಮಗೆ ಗೊತ್ತು. ಗಂಡ ಹದಿನೈದು ದಿನ ಮನೆಗೆ ಬರದಿದ್ದಾಗ ಸ್ವಸಹಾಯ ಸಂಘದ ವಾರದ ಉಳಿತಾಯ ಯಾಕೆ ತಪ್ಪುತ್ತದೆ ಎಂದು ಗೊತ್ತು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಹೆಂಡತಿಯ ಕೈ ಹೇಗೆ ನಡುಗುತ್ತದೆ ಎಂದು ಗೊತ್ತು. ಆ ಮನೆಗಳಿಂದ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಹೊರ್ತಿಯ ಹುಡುಗರಿಗೆ ಲಾರಿ ಹೊಸದಲ್ಲ. ಸೊಲ್ಲಾಪುರ–ವಿಜಯಪುರ ಹೆದ್ದಾರಿ ನಿಮ್ಮ ಊರ ಮಗ್ಗುಲಲ್ಲೇ ಹೋಗಿದೆ. ಮೊದಲು ಅದನ್ನು 13ನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದೆವು, ಈಗ 52. ಮೇಲಕ್ಕೆ ಪಂಜಾಬಿನ ಸಂಗ್ರೂರಿನಿಂದ ಹಿಡಿದು ಕೆಳಗೆ ಅಂಕೋಲಾದವರೆಗೆ ಒಂದೇ ರಸ್ತೆ. ಇಂಡಿಯ ನಿಂಬೆ, ದ್ರಾಕ್ಷಿ, ಉಳ್ಳಾಗಡ್ಡಿ, ಕಬ್ಬು, ಸಕ್ಕರೆ, ಕೂಡಗಿ ವಿದ್ಯುತ್ ಸ್ಥಾವರದ ಬೂದಿ, ಇವೆಲ್ಲ ಲಾರಿಯ ಮೇಲೆಯೇ ಹೋಗಬೇಕು. ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟ ಹುಡುಗ ಮೊದಲು ಕ್ಲೀನರ್ ಆಗುತ್ತಾನೆ, ಎರಡು ಮೂರು ವರ್ಷಕ್ಕೆ ಲೈಸೆನ್ಸ್ ಮಾಡಿಸುತ್ತಾನೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ: ಮೊದಲ ಗಾಡಿ ಯಾರದು ಹತ್ತಬೇಕು?

ಈ ಮಾತನ್ನು ಹೇಳಲು ನಮಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯ ಒಂದು ಹಳ್ಳಿಯಲ್ಲಿ, ನಮ್ಮ ಸಂಘದ ಸದಸ್ಯೆಯೊಬ್ಬರ ಮಗ ಹೆವಿ ಲೈಸೆನ್ಸ್ ಮಾಡಿಸಿದ. ಡ್ರೈವಿಂಗ್ ಸ್ಕೂಲಿನ ಫೀಗೆ ಸಂಘದಿಂದ ಸಾಲ ಕೊಡಿಸಿದವರು ನಾವು. ಅರ್ಜಿ ಬರೆದವರೂ ನಾವೇ. ಲೈಸೆನ್ಸ್ ಕೈಗೆ ಬಂದ ದಿನ ಪೇಢೆ ತಂದುಕೊಟ್ಟ. ನಾವು ವರ್ಷದ ವರದಿಯಲ್ಲಿ "ಸ್ವಉದ್ಯೋಗಕ್ಕೆ ನೆರವು" ಎಂಬ ಪಟ್ಟಿಗೆ ಅವನ ಹೆಸರು ಸೇರಿಸಿ ಫೈಲು ಮುಚ್ಚಿದೆವು.

ಅವನಿಗೆ ಎರಡು ಕಡೆ ಕೆಲಸವಿತ್ತು. ಒಬ್ಬ ಮಾಲಕರು ಪಗಾರ ಕಡಿಮೆ ಹೇಳಿದರು, "ಆರು ತಿಂಗಳ ಹಿರಿ ಡ್ರೈವರ್ ಸಂಗಾಟ ಹೋಗು, ಆಮ್ಯಾಲ ಒಬ್ಬನ ಕೈಯಾಗ ಗಾಡಿ ಕೊಡ್ತೀನಿ" ಎಂದರು. ಇನ್ನೊಬ್ಬರು ಹೆಚ್ಚಿನ ಪಗಾರ ಹೇಳಿ, ಅಂದೇ 40,000 ರೂಪಾಯಿ ಅಡ್ವಾನ್ಸ್ ಎಣಿಸಿ, ಚಾವಿ ಕೈಗಿಟ್ಟರು. ತಂಗಿಯ ಮದುವೆ ಹತ್ತಿರವಿತ್ತು. ಹುಡುಗ ಎರಡನೆಯವರ ಗಾಡಿ ಹತ್ತಿದ. ಅವನ ಲೈಸೆನ್ಸ್ ಮಾಲಕರ ಕಪಾಟಿಗೆ ಹೋಯಿತು, "ಭದ್ರ ಇರಲಿ" ಅಂತ.

ಮೂರನೇ ತಿಂಗಳಿಗೆ ಬ್ರೇಕ್ ಸರಿಯಿಲ್ಲ ಎಂದು ಅವನೇ ಫೋನ್ ಮಾಡಿದ್ದ. "ಈ ಟ್ರಿಪ್ ಮುಗಿಸಿ ಬಾ, ನೋಡೋಣು" ಎಂದರಂತೆ. ಬಿಟ್ಟು ಬರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಡ್ವಾನ್ಸ್ ತೀರಿರಲಿಲ್ಲ, ಲೈಸೆನ್ಸ್ ಕೈಯಲ್ಲಿರಲಿಲ್ಲ. ಎಲ್ಲಿಗೆ ಬಿಟ್ಟು ಹೋಗುವುದು? ಘಟ್ಟ ಇಳಿಯುವಾಗ ಗಾಡಿ ನಿಲ್ಲಲಿಲ್ಲ. ಅವನು ಉಳಿದ. ಪಕ್ಕದಲ್ಲಿ ಕೂತಿದ್ದ ಕ್ಲೀನರ್ ಉಳಿಯಲಿಲ್ಲ. ಆಮೇಲೆ ಕಾಗದ ತೆಗೆಸಿ ನೋಡಿದರೆ ವಿಮೆ ಮುಗಿದು ಇಪ್ಪತ್ತು ದಿನ ಆಗಿತ್ತು. ಕೇಸು ಚಾಲಕನ ಮೇಲೆ. ಕ್ಲೀನರ್ ತಾಯಿಯ ಜೊತೆ ನಾವು ಎಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿದೆವೋ ಲೆಕ್ಕವಿಲ್ಲ. ಒಂದು ದಿನ ಹೊರಗೆ ಬೆಂಚಿನ ಮೇಲೆ ಆ ತಾಯಿ ಒಂದು ತುದಿಗೆ, ಚಾಲಕನ ತಾಯಿ ಇನ್ನೊಂದು ತುದಿಗೆ. ನಡುವೆ ನಾವು. ಇಬ್ಬರೂ ಒಂದೇ ಸಂಘದವರು.

ಸಮಾಜಕಾರ್ಯ ಓದುವಾಗ, ಒಂದು ಪ್ರಕರಣವನ್ನು ಯಾವಾಗ ಮುಗಿಸಬೇಕು ಎಂದು ನಮಗೆ ಪಾಠವಿತ್ತು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆವು. ಆದರೆ ಈ ಹುಡುಗನಿಗೆ, "ಎರಡೂ ಗಾಡಿಯ ಕಾಗದ ನೋಡಿದೆಯೇನಪ್ಪಾ?" ಎಂಬ ಒಂದು ಮಾತನ್ನು ನಾವು ಕೇಳಲಿಲ್ಲ. ಲೈಸೆನ್ಸ್ ಸಿಕ್ಕಿದ್ದಕ್ಕೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡೆವು. ಅದಕ್ಕೇ ಇವತ್ತು ಲೈಸೆನ್ಸ್ ಬಗ್ಗೆ ಸ್ವಲ್ಪವೇ ಹೇಳಿ, ಮಾಲಕರ ಬಗ್ಗೆ ಹೆಚ್ಚು ಹೇಳುತ್ತೇವೆ.

ಲೈಸೆನ್ಸ್ ಮಾತು ಬೇಗ ಮುಗಿಸೋಣ. ಮೋಟಾರು ವಾಹನ ಕಾಯ್ದೆಯಂತೆ ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಿರಬೇಕು, ಹೆವಿ ಗಾಡಿ ಕಲಿಯುವ ಮೊದಲು ಸಣ್ಣ ಗಾಡಿಯ ಲೈಸೆನ್ಸ್ ಬಂದು ಒಂದು ವರ್ಷವಾದರೂ ಆಗಿರಬೇಕು. ಮೊದಲು ಎಂಟನೇ ಇಯತ್ತೆ ಪಾಸಾಗಿರಬೇಕಿತ್ತು. ಆ ನಿಯಮವನ್ನು 2019ರಲ್ಲಿ ತೆಗೆದರು. ಶಾಲೆ ಬಿಟ್ಟವರು ಏಜೆಂಟರಿಂದ ಸುಳ್ಳು ಸರ್ಟಿಫಿಕೇಟ್ ಕೊಳ್ಳುವ ಕಾಲ ಹೋಯಿತು. ಇನ್ನೊಂದು ವಿಷಯ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಸಣ್ಣ ಗಾಡಿಯ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿ ಮೀರದ ಸಾಗಣೆ ವಾಹನವನ್ನೂ ನಡೆಸಬಹುದು. ಅಂದರೆ ಹೆವಿ ಲೈಸೆನ್ಸಿಗಾಗಿ ಕಾಯುವ ಆ ಒಂದು ವರ್ಷ ನಿಂಬೆಹಣ್ಣಿನ ಟೆಂಪೋ ನಡೆಸುತ್ತ ಕಲಿಯಬಹುದು. ನಮ್ಮನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಆದರೆ ಆ ತೀರ್ಪನ್ನು ಹಿಡಿದುಕೊಂಡು ಹತ್ತು ಗಾಲಿ ಲಾರಿ ಹತ್ತಬೇಡಿ. "ಏನೂ ಆಗೂದಿಲ್ಲ, ನಾ ಅದೀನಿ" ಎನ್ನುವ ಮಾಲಕರು ಅಪಘಾತವಾದ ಮೇಲೆ ಇರುವುದಿಲ್ಲ.

ಈಗ ಮಾಲಕರು. ನಿಮ್ಮ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು, ಒಂದೋ ಎರಡೋ ಲಾರಿ ಇಟ್ಟುಕೊಂಡ ಊರ ಕಡೆಯ ಮಾಲಕರು, ಬಹಳ ಸಲ ಸಂಬಂಧಿಕರೇ ಆಗಿರುತ್ತಾರೆ. ಇನ್ನೊಂದು ದೊಡ್ಡ ಕಂಪನಿ. ದೊಡ್ಡದು ಎಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲಿ ವಿ.ಆರ್.ಎಲ್. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರುಮಾಡಿದ್ದು, ಈಗ ಸಾವಿರಾರು ಗಾಡಿಗಳ ಕಂಪನಿ. ಒಂದು ಲಾರಿಯ ಮಾಲಕರೆಲ್ಲ ಸಣ್ಣವರಾಗಿಯೇ ಉಳಿಯುತ್ತಾರೆ ಎಂದೇನೂ ಇಲ್ಲ.

ದೊಡ್ಡ ಕಂಪನಿಯಲ್ಲಿ ಸಾಮಾನ್ಯವಾಗಿ ಸ್ವಂತ ಗ್ಯಾರೇಜ್ ಇರುತ್ತದೆ, ಪಗಾರ ಬ್ಯಾಂಕಿಗೆ ಬರುತ್ತದೆ, ಭವಿಷ್ಯನಿಧಿ ಸಿಗುತ್ತದೆ, ಗಾಡಿ ಎಲ್ಲಿದೆ ಎಂದು ಆಫೀಸಿನಲ್ಲಿ ಕುಳಿತವರಿಗೆ ಕಾಣುತ್ತದೆ. ಹುಡುಗರಿಗೆ ಈ ಕೊನೆಯದು ಸೇರುವುದಿಲ್ಲ. "ಧಾಬಾದಾಗ ಅರ್ಧ ತಾಸ ಹೆಚ್ಚ ಕುಂತ್ರ ಫೋನ್ ಬರ್ತೈತ್ರಿ" ಎನ್ನುತ್ತಾರೆ. ನಿಜ. ಊರ ಮಾಲಕರಲ್ಲಿ ಆ ಕಿರಿಕಿರಿ ಇಲ್ಲ. ಹಬ್ಬಕ್ಕೆ, ರೇವಣಸಿದ್ದೇಶ್ವರನ ಜಾತ್ರೆಗೆ ಸೂಟಿ ಕೇಳಿದರೆ ಕೊಡುತ್ತಾರೆ, ಮನೆಯಲ್ಲಿ ಕಷ್ಟವಾದರೆ ಆಸ್ಪತ್ರೆಗೆ ರೊಕ್ಕ ಕೊಡುತ್ತಾರೆ. ಅದೂ ನಿಜ. ನಾವು ಕಂಡ ಅತ್ಯಂತ ಒಳ್ಳೆಯ ಮಾಲಕರು ಎರಡು ಲಾರಿಯವರು, ಅತ್ಯಂತ ಕೆಟ್ಟವರೂ ಎರಡು ಲಾರಿಯವರೇ. ಆದ್ದರಿಂದ ಕಂಪನಿ ದೊಡ್ಡದೋ ಸಣ್ಣದೋ ಎಂದು ಕೇಳಬೇಡಿ, ಗಾಡಿ ಮತ್ತು ಲೆಕ್ಕ ಹೇಗಿದೆ ನೋಡಿ.

ಲೆಕ್ಕದ ಮಾತೇ ಮೊದಲು. ತಿಳಿಯಲಿ ಎಂದು ಒಂದು ಉದಾಹರಣೆ ಹೇಳುತ್ತೇವೆ, ಈ ಅಂಕಿ ಯಾರದೂ ಅಲ್ಲ. ಒಬ್ಬರು 18,000 ಪಗಾರ ಎನ್ನುತ್ತಾರೆ, ಭತ್ಯೆ ಇಲ್ಲ. ಇನ್ನೊಬ್ಬರು 14,000 ಪಗಾರ, ರಸ್ತೆಯ ಮೇಲಿದ್ದ ದಿನಕ್ಕೆ 300 ಭತ್ಯೆ ಎನ್ನುತ್ತಾರೆ. ತಿಂಗಳಿಗೆ 22 ದಿನ ರಸ್ತೆಯ ಮೇಲಿದ್ದೀರಿ, ದಿನಕ್ಕೆ ಊಟ ಚಹಾ 250 ಎಂದುಕೊಳ್ಳಿ, 5,500 ಆಯಿತು. ಮೊದಲಿನವರು ಡೀಸೆಲ್ ಕಡಿಮೆ ಬಿತ್ತು ಎಂದು 1,500 ಮುರಿದುಕೊಂಡರು, ದಂಡ ನಿನ್ನದೇ ಎಂದು 2,000 ಮುರಿದುಕೊಂಡರು. ಮನೆಗೆ ತಂದದ್ದು 9,000. ಎರಡನೆಯವರಲ್ಲಿ 14,000ಕ್ಕೆ ಭತ್ಯೆ 6,600 ಕೂಡಿ 20,600. ಊಟದ ಖರ್ಚು ಕಳೆದರೆ 15,100. ಹದಿನೆಂಟು ದೊಡ್ಡದೋ, ಹದಿನಾಲ್ಕು ದೊಡ್ಡದೋ? ತಾಯಂದಿರು ಆಗಲೇ ನಗುತ್ತಿದ್ದೀರಿ. ಸಂಘದ ಪುಸ್ತಕ ಬರೆದವರಿಗೆ ಇದು ಬೇಗ ತಿಳಿಯುತ್ತದೆ.

ಆದ್ದರಿಂದ ಕೂಡುವ ಮೊದಲೇ ಕೇಳಿ: ಡೀಸೆಲ್‌ಗೆ ಕಿಲೋಮೀಟರ್ ಲೆಕ್ಕ ಏನು, ಕಡಿಮೆ ಬಿದ್ದರೆ ಯಾರು ಕೊಡಬೇಕು? ಪಂಕ್ಚರ್, ಹಮಾಲಿ, ದಾರಿಯ ದಂಡ ಯಾರದು? ಗಾಡಿ ಲೋಡಿಗಾಗಿ ಎರಡು ದಿನ ನಿಂತರೆ ಆ ದಿನಗಳ ಭತ್ಯೆ ಉಂಟೋ ಇಲ್ಲವೋ? ಇದನ್ನೆಲ್ಲ ಕೇಳಿದರೆ ಮಾಲಕರು ಸಿಟ್ಟಾಗುತ್ತಾರೆ ಎಂದು ನಿಮಗೆ ಅಂಜಿಕೆ. ಕೇಳಿದ್ದಕ್ಕೇ ಸಿಟ್ಟಾಗುವವರು ತಿಂಗಳ ಕೊನೆಗೆ ಪಗಾರ ಕೇಳಿದಾಗ ನಗುತ್ತ ಕೊಡುತ್ತಾರೆಯೇ? ಆ ಸಿಟ್ಟನ್ನು ಮೊದಲ ದಿನವೇ ನೋಡಿಬಿಡುವುದು ಚಲೋ.

ಅಡ್ವಾನ್ಸ್ ಬಗ್ಗೆ ನಾವು ಕಟುವಾಗಿ ಹೇಳುತ್ತೇವೆ. ಹೊಸ ಚಾಲಕ ಅಡ್ವಾನ್ಸ್ ತೆಗೆದುಕೊಳ್ಳಬಾರದು. ಮನೆಯ ಅಡಚಣಿಗೆ ಸಂಘದ ಸಾಲವಿದೆ, ನಮ್ಮಲ್ಲಿಗೆ ಬನ್ನಿ. ಈಗಾಗಲೇ ತೆಗೆದುಕೊಂಡವರು ಇದನ್ನು ತಿಳಿದಿರಿ: ಸಾಲ ತೀರುವತನಕ ಬಿಟ್ಟು ಹೋಗುವಂತಿಲ್ಲ ಎಂದು ಬಲವಂತದಿಂದ ದುಡಿಸಿಕೊಳ್ಳುವುದನ್ನು ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ನಿಷೇಧಿಸಿದೆ. ಜೀತ ಎಂದರೆ ಹೊಲದಲ್ಲಿ ಮಾತ್ರ ಎಂದುಕೊಂಡಿದ್ದೇವೆ. ಲಾರಿಯ ಕ್ಯಾಬಿನ್ನಿನಲ್ಲೂ ಅದು ಕೂತಿರಬಹುದು. ಇಂಡಿಯ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು, ಬರೆದುಕೊಡಲು ನಾವಿದ್ದೇವೆ.

ಲೈಸೆನ್ಸ್ ಮೂಲ ಪ್ರತಿಯನ್ನು ಯಾರಿಗೂ ಒತ್ತೆ ಇಡಬೇಡಿ. ಜೆರಾಕ್ಸ್ ಕೊಡಿ. ಮೊಬೈಲಿನಲ್ಲಿ ಡಿಜಿಲಾಕರ್ ಹಾಕಿಸಿಕೊಳ್ಳಿ, ಅದರಲ್ಲಿ ತೋರಿಸಿದ ಲೈಸೆನ್ಸ್‌ಗೂ ಮಾನ್ಯತೆ ಇದೆ. ಅದೇ ಮೊಬೈಲಿನಲ್ಲಿ ಎಂ-ಪರಿವಾಹನ್ ಎಂಬ ಆ್ಯಪ್ ಇದೆ. ಗಾಡಿಯ ನಂಬರ್ ಹೊಡೆದರೆ ವಿಮೆ ಎಂದಿನವರೆಗೆ, ಎಫ್.ಸಿ. ಎಂದಿನವರೆಗೆ ಎಂದು ಗೊತ್ತಾಗುತ್ತದೆ. ಲಾರಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಚಾಲಕನಿಗೂ, ಸರಕು ಗಾಡಿಯಲ್ಲಿ ಹೋಗುವ ಕ್ಲೀನರ್‌ಗೂ ಪರಿಹಾರ ಕೊಡುವ ಹೊಣೆ ಕಡ್ಡಾಯ ವಿಮೆಯಲ್ಲಿ ಸೇರಿದೆ. ವಿಮೆ ಇಲ್ಲದಿದ್ದರೆ ಮಾಲಕರ ಬೆನ್ನು ಹತ್ತಬೇಕು. ಆ ಬೆನ್ನು ಹತ್ತುವುದು ಏನೆಂದು ಮೇಲೆ ಹೇಳಿದೆವು. ಆ ಹುಡುಗನ ಕಾಲದಲ್ಲಿ ಇಂಥ ಆ್ಯಪ್ ಕೈಯಲ್ಲಿರಲಿಲ್ಲ. ನಿಮಗಿದೆ. ಎರಡು ನಿಮಿಷದ ಕೆಲಸ.

ಮೊಬೈಲ್ ಹೇಳದೇ ಇರುವುದನ್ನು ಗಾಡಿಯ ಬಳಿ ನಿಂತು ನೋಡಬೇಕು. ಇದನ್ನು ನಮಗೆ ಕಲಿಸಿದವರು ಮೂವತ್ತು ವರ್ಷ ಲಾರಿ ನಡೆಸಿದ ಒಬ್ಬ ಹಿರಿಯರು. ಎಂಜಿನ್ ಶುರುಮಾಡಿ ಗಾಳಿ ತುಂಬಲು ಬಿಡಿ, ನಂತರ ಬಂದ್ ಮಾಡಿ ಸ್ವಲ್ಪ ಹೊತ್ತು ಮುಳ್ಳನ್ನು ನೋಡಿ. ಮುಳ್ಳು ಸರಸರ ಇಳಿದರೆ ಬ್ರೇಕಿನ ಗಾಳಿ ಎಲ್ಲೋ ಸೋರುತ್ತಿದೆ. ಟೈರ್ ಹೊರಗಿನ ಜೋಡಿ ಮಾತ್ರ ನೋಡಬೇಡಿ, ಹಿಂದಿನ ಒಳಗಿನ ಟೈರ್‌ಗಳಿಗೆ ಕೈಹಾಕಿ ನೋಡಿ. ಕಳಪೆ ಟೈರ್ ಅಲ್ಲೇ ಅಡಗಿಸುತ್ತಾರೆ. ಸ್ಟೆಪ್ನಿ, ಜಾಕ್, ತಾಡಪಾಲ ಇವೆಯೇ? ಹಿಂದಿನ ದೀಪ, ಹೊಳೆಯುವ ಪಟ್ಟಿ ಸರಿಯಿವೆಯೇ? ಕಡೆಗೆ ಅವರು ಹೇಳಿದ ಮಾತು, "ಸಿಸ್ಟರ್, ಗಾಡಿ ಬಿಡ್ರಿ, ಈ ಹಿಂದಿನ ಡ್ರೈವರ್ ಯಾಕ ಬಿಟ್ಟ ಅಂತ ಕೇಳ್ರಿ. ಸಾಧ್ಯ ಆದ್ರ ಅವನ್ನ ಕೇಳ್ರಿ." ವರ್ಷಕ್ಕೆ ನಾಲ್ಕು ಚಾಲಕರು ಬದಲಾಗುವ ಲಾರಿ ಇದ್ದರೆ ಕಾರಣ ಚಾಲಕರಲ್ಲಿ ಇರಲಾರದು.

ತೂಕದ ಮಾತು. ಈ ಕಡೆಗೆ ಹೊಸದಾಗಿ ಬಂದಾಗ "ಕಾಟಾ" ಎಂದರೆ ತೊಂದರೆ ಎಂದೇ ನಾವು ತಿಳಿದಿದ್ದೆವು. ತೂಕದ ಕಾಟಾ ಎಂದು ಆಮೇಲೆ ಗೊತ್ತಾಯಿತು. ಓವರ್‌ಲೋಡ್ ಆದರೆ ಎರಡೂ ಒಂದೇ. ಆರ್.ಸಿ.ಯಲ್ಲಿ ಗಾಡಿಯ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ. ಒಂದರಲ್ಲಿ ಒಂದು ಕಳೆದರೆ ಬರುವುದೇ ಪಾಸಿಂಗ್ ಲೋಡ್. 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಹೆಚ್ಚು ಹೇರಿದರೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000. ನಾಲ್ಕು ಟನ್ ಹೆಚ್ಚಾದರೆ 28,000. ತೂಕಕ್ಕೆ ನಿಲ್ಲಿಸದೇ ಓಡಿಸಿದರೆ 40,000. ನಡೆಸಿದವನೂ ಹೊಣೆ, ಹೇರಿಸಿದವನೂ ಹೊಣೆ. ಆದರೆ ಹಿಡಿದಾಗ ರಸ್ತೆಯ ಮೇಲೆ ಸಿಗುವವನು ನೀವೊಬ್ಬರೇ. ದಂಡಕ್ಕಿಂತ ದೊಡ್ಡದು ಇಳಿಜಾರು. ಇದೇ ರಸ್ತೆ ಹಿಡಿದು ಅಂಕೋಲಾಕ್ಕೆ ಹೋದರೆ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಬರುತ್ತದೆ. ಇಂಡಿ, ಸಿಂದಗಿಯ ಬಯಲಲ್ಲಿ ಕಲಿತ ಕೈಗೆ ಘಟ್ಟ ಗೊತ್ತಿರುವುದಿಲ್ಲ. ಇಳಿಯುವಾಗ ಗೇರ್ ಹಿಡಿತ ಬಿಟ್ಟು ಬ್ರೇಕ್ ಒಂದನ್ನೇ ತುಳಿಯುತ್ತ ಹೋದರೆ ಅದು ಕಾದು ಕೈಕೊಡುತ್ತದೆ. ಮೊದಲ ಘಟ್ಟವನ್ನು ಹಿರಿಯ ಚಾಲಕನ ಜೊತೆ ಇಳಿಯಿರಿ. ಜೊತೆಗೆ ಕಳಿಸುತ್ತೇನೆ ಎನ್ನುವ ಮಾಲಕರು ಪಗಾರ ಎರಡು ಸಾವಿರ ಕಡಿಮೆ ಕೊಟ್ಟರೂ ಅವರ ಗಾಡಿಯನ್ನೇ ಹತ್ತಿರಿ. ಅದು ಕಡಿಮೆ ಪಗಾರವಲ್ಲ, ಶಾಲೆಯ ಫೀ.

ನಿದ್ದೆ. ನ್ಯಾಷನಲ್ ಪರ್ಮಿಟ್ ಲಾರಿಗೆ ಮೊದಲು ಇಬ್ಬರು ಚಾಲಕರು ಕಡ್ಡಾಯವಿತ್ತು, 2018ರಲ್ಲಿ ಅದನ್ನು ಕೈಬಿಟ್ಟರು. ದಿನಕ್ಕೆ ಎಂಟು ತಾಸು ಕೆಲಸ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಅದರಲ್ಲೂ ಎಂಟು ತಾಸೇ. ನೇಮಕಾತಿ ಪತ್ರ ಕೊಡಬೇಕು ಎಂಬ ಮಾತೂ ಅದರಲ್ಲಿದೆ. ಎರಡು ಲಾರಿಯ ಮಾಲಕರು ಪತ್ರ ಬರೆದುಕೊಡುತ್ತಾರೆಯೇ ಎಂದು ನೀವು ನಗುತ್ತೀರಿ. ಕೊಡದಿದ್ದರೆ ಪಗಾರವನ್ನಾದರೂ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ನಾಳೆ ಏನಾದರೂ ಆದರೆ, ಇವನು ನಮ್ಮ ಡ್ರೈವರೇ ಅಲ್ಲ ಎನ್ನದಂತೆ ಪಾಸ್‌ಬುಕ್ಕೇ ಸಾಕ್ಷಿ. ಮತ್ತು ನೇರವಾಗಿ ಕೇಳಿ, "ರಾತ್ರಿ ನಿದ್ದಿ ಬಂದ್ರ ಗಾಡಿ ಬದಿಗೆ ಹಚ್ಚಿ ಮಲಗಬಹುದೇನ್ರಿ? ಮಾಲು ತಡ ಆದ್ರ ಯಾರ ಮ್ಯಾಲ ಬರ್ತೈತಿ?" ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಮಾಲಕರು ಪೂರ್ತಿ ಕಾಣುತ್ತಾರೆ. ನಿದ್ದೆ ತಡೆಯಲು ಗುಳಿಗೆ ಕೊಡುವವರ, ಗುಟಕಾ ಚೀಟಿ ಕೈಗಿಡುವವರ ಹತ್ತಿರ ನಿಲ್ಲಬೇಡಿ.

ನಮ್ಮದು ಗಡಿ ಸೀಮೆ. ಧೂಳಖೇಡದಲ್ಲಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಬಿಲ್ಟಿ, ಇನ್ವಾಯ್ಸ್, 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್, ಇವು ಇಲ್ಲದೆ ಗಾಡಿ ಅಲುಗಿಸಬೇಡಿ. ಮೇಲೆ ಉಳ್ಳಾಗಡ್ಡಿ, ಕೆಳಗೆ ಪಡಿತರ ಅಕ್ಕಿಯೋ ಮದ್ಯವೋ ಇದ್ದರೆ, ಸಿಕ್ಕಿಬಿದ್ದಾಗ "ನನಗ ಗೊತ್ತಿರಲಿಲ್ರಿ" ಎಂದರೆ ಯಾರೂ ನಂಬುವುದಿಲ್ಲ. ಹೇರುವಾಗ ಮಲಗಬೇಡಿ, ನಿಂತು ನೋಡಿ.

ಅಪಘಾತವಾದರೆ ಓಡಬೇಡಿ ಎಂದು ಹೇಳುವುದು ಸುಲಭ. ಜನ ಹೊಡೆಯುತ್ತಾರೆಂಬ ಅಂಜಿಕೆ ನಮಗೂ ಅರ್ಥವಾಗುತ್ತದೆ. 2024ರ ಜನವರಿಯಲ್ಲಿ ದೇಶದ ತುಂಬ ಲಾರಿ ಚಾಲಕರು ಮುಷ್ಕರ ಮಾಡಿದ್ದು ಇದೇ ಓಡಿಹೋಗುವ ಪ್ರಕರಣದ ಹತ್ತು ವರ್ಷದ ಶಿಕ್ಷೆಯ ವಿರುದ್ಧ. ಆ ವರ್ಷ ಜುಲೈ 1ರಂದು ನ್ಯಾಯ ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ಆದರೆ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ಕಾಯ್ದೆಯಂತೆ ಮೊದಲಿನಿಂದಲೂ ಚಾಲಕನ ಕರ್ತವ್ಯ. ನಿಲ್ಲಲಾಗದಷ್ಟು ಜನ ಸೇರಿದರೆ ಮುಂದಿನ ಠಾಣೆಗೆ ಹೋಗಿ ನಿಲ್ಲಿ, 112ಕ್ಕೆ ಫೋನ್ ಮಾಡಿ. ಹೆದ್ದಾರಿಯ ಸಹಾಯಕ್ಕೆ 1033 ಇದೆ. ಆಮೇಲೆ ಮಾಲಕರಿಗೆ. ಈ ಕ್ರಮ ತಪ್ಪಿಸಬೇಡಿ.

ಒಂದು ಕಾಗದ ನೀವೇ ಮಾಡಿಸಿಕೊಳ್ಳಬೇಕು. ಖಾಸಗಿ ವಾಣಿಜ್ಯ ವಾಹನ ಚಾಲಕರಿಗಾಗಿ ರಾಜ್ಯ ಸರ್ಕಾರದ ಅಪಘಾತ ಪರಿಹಾರ ಯೋಜನೆ ಬಹಳ ಕಾಲದಿಂದ ಇದೆ, ಚಾಲಕ ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 5 ಲಕ್ಷ ರೂಪಾಯಿ. ಕ್ಲೀನರ್‌ಗಳೂ ಹೆಸರು ನೋಂದಾಯಿಸಬಹುದು. 2024ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಮೋಟಾರು ಸಾರಿಗೆ ಕಾರ್ಮಿಕರಿಗೆಂದೇ ಕಲ್ಯಾಣ ಮಂಡಳಿ ಕೂಡ ಮಾಡಿದ್ದಾರೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಇದಕ್ಕೆ ಮಾಲಕರ ಒಪ್ಪಿಗೆಯೇನೂ ಬೇಕಿಲ್ಲ.

ತಾಯಂದಿರ ಮುಂದೆ ಹೇಳಲು ಸಂಕೋಚವಾದರೂ ಇದನ್ನೂ ಹೇಳಬೇಕು. ಈ ಹೆದ್ದಾರಿಯ ಬದಿಯ ಊರುಗಳಲ್ಲಿ ಎಚ್.ಐ.ವಿ.ಯಿಂದ ಗಂಡನನ್ನು ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳ ಜೊತೆ ನಾವು ಕೆಲಸ ಮಾಡಿದ್ದೇವೆ. ತಪ್ಪು ಅವರದಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ, ಚಿಕಿತ್ಸೆಯೂ ಉಚಿತ. ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಿ. ತಿಂಗಳಲ್ಲಿ ನಾಲ್ಕು ದಿನ ಮನೆಗೆ ಕಳಿಸುವ ಮಾಲಕರನ್ನು ಹುಡುಕಿ ಎಂದು ನಾವು ಹೇಳುವುದರಲ್ಲಿ ಈ ಅರ್ಥವೂ ಇದೆ.

ನಿಮ್ಮಲ್ಲಿ ಕೆಲವರಿಗೆ ಮುಂದೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಚಾಲಕರಾಗುವ ಆಸೆಯಿದೆ. ಒಳ್ಳೆಯದು. ಅದಕ್ಕೆ ಹೆವಿ ಲೈಸೆನ್ಸ್ ಬೇಕು, ಬ್ಯಾಡ್ಜ್ ಬೇಕು, ಹಳೆಯ ಕೇಸು ಅಂಟಿಕೊಂಡಿರಬಾರದು. ಮೊದಲ ಎರಡು ವರ್ಷ ಯಾರ ಗಾಡಿ ನಡೆಸಿದಿರಿ ಎಂಬುದು ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ.

ಆ ಹುಡುಗ ಏನಾದ ಎಂದು ಒಬ್ಬರು ಚೀಟಿ ಬರೆದು ಕಳಿಸಿದ್ದಾರೆ. ಲಾರಿ ಬಿಟ್ಟ. ಈಗ ಟ್ರ್ಯಾಕ್ಟರ್ ನಡೆಸುತ್ತಾನೆ, ತನ್ನೂರಿನಲ್ಲೇ. ಕ್ಲೀನರ್ ತಾಯಿಗೆ ಬರುವ ಸುಗ್ಗಿಯಲ್ಲಿ ಜೋಳದ ಚೀಲ ಮುಟ್ಟಿಸಿ ಬರುತ್ತಾನೆ. ಅವರು ಇವನೊಡನೆ ಮಾತಾಡುವುದಿಲ್ಲ, ಆದರೆ ಚೀಲ ಇಳಿಸಿಕೊಳ್ಳುತ್ತಾರೆ.

ಈಗ ಚಹಾ ಬಂದಿದೆ. ನಿಮ್ಮಲ್ಲಿ ನಾಲ್ಕು ಮಂದಿ ನಾಳೆ ಹತ್ತಬೇಕಾದ ಗಾಡಿಯ ನಂಬರ್ ಬರೆದುಕೊಂಡು ಬಂದಿದ್ದೀರಿ. ಚಹಾ ಕುಡಿದು ಮೊಬೈಲ್ ಹಿಡಿದುಕೊಂಡು ಈ ಮೇಜಿನ ಹತ್ತಿರ ಬನ್ನಿ, ಒಂದೊಂದಾಗಿ ನೋಡೋಣ. ಲೈಸೆನ್ಸ್ ಜೆರಾಕ್ಸ್ ಇದ್ದವರು ಕಾರ್ಮಿಕ ಕಾರ್ಡಿನ ಅರ್ಜಿಗಾಗಿ ಇಲ್ಲಿಯೇ ಕೊಟ್ಟು ಹೋಗಿ.